ಕಬ್ಬಿಣದ ಅಟ್ಟಕ್ಕೆ ಯಾವ ಹಾಸು: ಪ್ಲೈ, ಸಿಮೆಂಟ್ ಬೋರ್ಡ್, ಡೆಕ್ ಶೀಟ್

ಫ್ಲ್ಯಾಟಿನೊಳಗೆ ಅಟ್ಟ ಕಟ್ಟುವವರು ಮೊದಲು ನೋಡುವುದು ಎತ್ತರ. ಮೇಲೆ, ಕೆಳಗೆ ತಲಾ 2.1 ಮೀಟರ್, ತೊಲೆ ಮತ್ತು ಅದರ ಮೇಲೆ ಹೊದಿಸುವ ಹಾಸಿನ ದಪ್ಪಕ್ಕೆ 25 ಸೆಂ.ಮೀ. ಹಿಡಿದರೆ ನಾಲ್ಕೂವರೆ ಮೀಟರ್ ಬೇಕೇ ಬೇಕು. ಅಷ್ಟಿದ್ದರೆ, ಯಾವ ಹಾಸು ಎಂಬುದನ್ನು ತೀರ್ಮಾನಿಸುವುದು ತೂಕ.

ಮೂರನ್ನೂ ಹಾಕಿ ನೋಡಿದ್ದರಲ್ಲಿ ನಡೆಯಲು ಗಟ್ಟಿ ಎನಿಸುವುದು ಡೆಕ್ ಶೀಟ್ (ಏರಿಳಿತವಾಗಿ ಮಡಿಸಿದ ಉಕ್ಕಿನ ತಗಡು) ಮೇಲಿನ ಕಾಂಕ್ರೀಟ್. ಅದುರುವುದಿಲ್ಲ, ಕಿರುಗುಟ್ಟುವುದಿಲ್ಲ. ಆದರೆ ಒಟ್ಟು 100 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಹೆಚ್ಚುಕಡಿಮೆ 180 ಕೆ.ಜಿ. ಮನೆಯ ನೆಲಕ್ಕೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಬಳಕೆಯ ಭಾರವೇ 200 ಕೆ.ಜಿ. ಮಂಚ, ಬೀರು ಬರುವ ಮೊದಲೇ ಬಹುಪಾಲು ಮುಗಿಯಿತು! ಫ್ಲ್ಯಾಟಿಗೆ ಇದು ಬೇಡ.

18 ಮಿ.ಮೀ. ಪ್ಲೈವುಡ್ ಚದರ ಮೀಟರಿಗೆ 12 ಕೆ.ಜಿ. ಮಾತ್ರ, ಕತ್ತರಿಸಲು, ಹೊರಲು ಸುಲಭ. ಬೆಂಕಿಗೆ ನಿಲ್ಲುವುದಿಲ್ಲ, ಆದ್ದರಿಂದ ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆಯೇ ಹಾಸಬೇಕು. ಉಕ್ಕಿಗೆ ಉಜ್ಜಿ ಸದ್ದು ಮಾಡುತ್ತದೆ. ನಡುವೆ ರಬ್ಬರ್ ಪಟ್ಟಿ ಕೊಟ್ಟರೆ ತಗ್ಗುತ್ತದೆ.

ನಮ್ಮ ಆಯ್ಕೆ 18 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್. ಚದರ ಮೀಟರಿಗೆ 25 ಕೆ.ಜಿ., ಅಂದರೆ 2440×1220ರ ಒಂದು ಹಾಳೆ ಸುಮಾರು 75 ಕೆ.ಜಿ. ಅಡ್ಡ ಮಲಗಿಸಿ ಹೊತ್ತರೆ ನಡುವೆ ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಿಯೇ ಸಾಗಿಸಬೇಕು. ಅಡ್ಡ ತೊಲೆಗಳನ್ನು 610 ಮಿ.ಮೀ.ಗೆ ಒಂದರಂತೆ ಇಡಿ ಎನ್ನುವವರಿದ್ದಾರೆ. ಹಾಳೆ ತಡೆಯುತ್ತದೆ, ಆದರೆ ಹೆಜ್ಜೆ ಹಾಕಿದಾಗ ಬಗ್ಗುವುದು ಗೊತ್ತಾಗುತ್ತದೆ, ಮೇಲಿನ ಟೈಲ್ಸ್ ಸಂದಿ ಬಿಡುತ್ತದೆ. 407ಕ್ಕೆ ಇಳಿಸಿ. ಎರಡು ಹಾಳೆ ಸೇರುವಲ್ಲಿ ತೊಲೆಯ ಅಗಲ ಕನಿಷ್ಠ 60 ಮಿ.ಮೀ. ಇರಲಿ; 40ರ ಪೈಪಿಗೆ ಸ್ಕ್ರೂ ಹಾಕಿದರೆ ಅಂಚೇ ಸಿಡಿಯುತ್ತದೆ.

ಸ್ಕ್ರೂ ರೆಕ್ಕೆಯಿರುವ ಸೆಲ್ಫ್ ಡ್ರಿಲ್ಲಿಂಗೇ (ತಾನೇ ತೂತು ಕೊರೆದುಕೊಳ್ಳುವಂಥದ್ದು) ಆಗಬೇಕು. ರೆಕ್ಕೆ ಬೋರ್ಡಿನಲ್ಲಿ ತೂತು ಅಗಲ ಮಾಡಿ, ಉಕ್ಕು ತಗಲಿದೊಡನೆ ಮುರಿದು ಬೀಳುತ್ತದೆ. ಸಾದಾ ಸ್ಕ್ರೂ ಹಾಕಿದರೆ ಎಳೆಗಳು ಬೋರ್ಡನ್ನೇ ಕಚ್ಚಿ ಮೇಲೆತ್ತುತ್ತವೆ, ಕೆಳಗೆ ಸಂದಿ ಉಳಿದು ಅಲ್ಲಿಂದಲೇ ಕಿರುಗುಟ್ಟುವಿಕೆ ಶುರು. ಕತ್ತರಿಸುವಾಗ ಮಾಸ್ಕ್ ಕಡ್ಡಾಯ, ಆ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ.

ಹಾಸು ಯಾವುದೇ ಇರಲಿ, ಮುಖ್ಯ ತೊಲೆಯ ತುದಿ ಕೂರಬೇಕಾದ್ದು ಆರ್‌ಸಿಸಿ ಕಂಬ ಅಥವಾ ಬೀಮಿಗೆ, ಅದೂ ಎಂಜಿನಿಯರ್ ಲೆಕ್ಕ ಹಾಕಿ ಒಪ್ಪಿದ ಮೇಲೆ. ಬ್ಲಾಕ್ ಗೋಡೆಗೆ ಆಂಕರ್ ಹೊಡೆಯಬೇಡಿ. ಕೆಮಿಕಲ್ ಆಂಕರ್ (ತೂತಿನಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕುವುದಾದರೆ ತೂತನ್ನು ಊದಿ, ಬ್ರಷ್ ಆಡಿಸಿ, ಮತ್ತೆ ಊದಿ. ಧೂಳು ಉಳಿದರೆ ಅಂಟು ಕಾಂಕ್ರೀಟನ್ನು ಹಿಡಿಯುವುದಿಲ್ಲ.