ಲಿಬ್ರೆಆಫೀಸ್: ಕಳ್ಳಪ್ರತಿಯ ಹಂಗಿಲ್ಲದ ಬರವಣಿಗೆ

ಹಿಂದೆ ನಾನೂ ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ, ಆಫೀಸ್ ತಂತ್ರಾಂಶವನ್ನೇ ಬಳಸುತ್ತಿದ್ದೆ. ಅದನ್ನು ಹಾಕಿಕೊಳ್ಳುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಬಂದಾಗಲೂ ಯೋಚಿಸದೆ ಒಪ್ಪಿದ್ದೆ. 2010ರಲ್ಲಿ ಓಪನ್‌ಆಫೀಸ್ ಎಂಬ ಮುಕ್ತ ತಂತ್ರಾಂಶದಿಂದ ಕವಲೊಡೆದ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ಗೆ ಬಂದ ಮೇಲೆ ವೈರಸ್ಸಿನ ಆ ಭಯವೂ ಇಲ್ಲ, ಬೇರೆಯವರ ದುಡಿಮೆಯನ್ನು ಕದ್ದೆನೆಂಬ ಅಳುಕೂ ಇಲ್ಲ. ಕಳ್ಳಪ್ರತಿ ತಡೆಯಲೆಂದು ಹೇರುವ ಕೀಲಿಸಂಖ್ಯೆ, ಡಾಂಗಲ್‌ಗಳು (ತಂತ್ರಾಂಶ ನಡೆಯಲು ಕಂಪ್ಯೂಟರ್‌ಗೆ ಸಿಕ್ಕಿಸಬೇಕಾದ ಪುಟ್ಟ ಸಾಧನಗಳು) ಹಣ ಕೊಟ್ಟು ಕೊಂಡವರನ್ನೇ ಹೆಚ್ಚು ಕಾಡುತ್ತವೆ. ನ್ಯಾಯವಾಗಿ, ಉಚಿತವಾಗಿ ಸಿಗುವ ಇಂಥ ಸಾಧನವೊಂದು ಕೈಗೆಟುಕಿದರೆ ಕದಿಯುವ ನೆಪವೇ ಉಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಿಬ್ರೆಆಫೀಸ್ ಅನ್ನು ನಡೆಸುವ ಪ್ರತಿಷ್ಠಾನಕ್ಕೆ ನಾನು ಸಂತೋಷದಿಂದಲೇ ದೇಣಿಗೆ ಕೊಟ್ಟಿದ್ದೇನೆ. ಅದರ ಬರವಣಿಗೆಯ ಭಾಗವಾದ ರೈಟರ್‌ನಲ್ಲಿ ನೂರಾರು ಪುಟಗಳ ವರದಿಯನ್ನೂ ಪರಿವಿಡಿ ಸಮೇತ ಸಲೀಸಾಗಿ ಸಿದ್ಧಪಡಿಸಬಹುದು. ವರ್ಡ್‌ನಲ್ಲಿ ರಚಿಸಿದ ಕಡತವನ್ನು ತೆರೆದಾಗ ಮಾತ್ರ ಕೋಷ್ಟಕದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರುವುದುಂಟು. ಅದನ್ನು ಕೈಯಾರೆ ಸರಿಪಡಿಸಿಕೊಳ್ಳಬೇಕು.