ನಮ್ಮೂರಿನವರು ಜಾಝ್ ಕೇಳುವುದಾದರೆ ಮೊದಲು ‘ಕಿನ್ಸ್‌ಮೆನ್’ ಕೇಳಿ

ಜಾಝ್ ಕೇಳುವ ಆಸೆ ಇದೆ, ಎಲ್ಲಿಂದ ಶುರು ಮಾಡುವುದು ಗೊತ್ತಾಗುವುದಿಲ್ಲ ಅನ್ನುವ ಕರಾವಳಿಯವರಿಗೆ ನಾನು ಹೇಳುವ ಆಲ್ಬಂ ಒಂದೇ: ‘ಕಿನ್ಸ್‌ಮೆನ್’. 2008ರಲ್ಲಿ ಅಮೆರಿಕದ ಪೈ ರೆಕಾರ್ಡಿಂಗ್ಸ್ ಹೊರತಂದದ್ದು. ಮುಂದೆ ನಿಂತವರು ಇಬ್ಬರು. ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೋಫೋನ್. ಒಬ್ಬರು ಅಮೆರಿಕದ ರುದ್ರೇಶ್ ಮಹಾಂತಪ್ಪ, ಇನ್ನೊಬ್ಬರು ನಮ್ಮ ಕದ್ರಿ ಗೋಪಾಲನಾಥರು.

ಸಾಮಾನ್ಯವಾಗಿ ಎಲ್ಲರೂ ಮೊದಲು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರನ್ನು ಕೇಳಿ ಅನ್ನುತ್ತಾರೆ. ಅದೂ ಒಳ್ಳೆಯದೇ, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ನಮ್ಮ ಕಿವಿಗೆ ಸ್ಯಾಕ್ಸೋಫೋನ್ ಹೊಸದಲ್ಲ ಅಲ್ವಾ? ಇಲ್ಲಿ ಅದು ಮದುವೆ ಹಾಲ್‌ನಲ್ಲಿದೆ, ತೇರಿನ ಮುಂದಿದೆ, ನೇಮದಲ್ಲಿದೆ. ಮೊದಲು ನಾಗಸ್ವರ ಇರುತ್ತಿದ್ದ ಜಾಗದಲ್ಲಿ, ಡೋಲಿನ ಪಕ್ಕದಲ್ಲಿ, ಈಗ ಬಹಳ ಕಡೆ ಸ್ಯಾಕ್ಸೋಫೋನೇ. ನಾನು ಮದುವೆ ವಿಡಿಯೋ ಮಾಡುವವನು. ಮಂಗಳೂರು, ಉಡುಪಿ, ಕಾರ್ಕಳ, ಪುತ್ತೂರು, ಎಲ್ಲಿ ಕರೆದರೂ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಸೀಸನ್‌ನಲ್ಲಿ ಹಗಲಿಡೀ ಸ್ಯಾಕ್ಸೋಫೋನ್ ಎದುರಲ್ಲೇ ನಿಂತಿರುತ್ತೇನೆ. ರಾತ್ರಿ ಹೆಡ್‌ಫೋನ್ ಹಾಕಿ ಅದೇ ಧ್ವನಿಯನ್ನು ಕತ್ತರಿಸಿ ಜೋಡಿಸುತ್ತೇನೆ. ಹಾಗಾಗಿ ನುಡಿಸುವವರು ಉಸಿರು ಎಳೆದುಕೊಳ್ಳುವುದು, ರೀಡ್ ಕೀರಲು ಹೊಡೆಯುವುದು, ಕೀ ಮುಚ್ಚುವಾಗಿನ ಟಪ್ ಟಪ್, ಇದೆಲ್ಲ ನನಗೆ ದಿನದ ಕೆಲಸದಲ್ಲೇ ಪರಿಚಯ. ಆಟಿ ತಿಂಗಳಲ್ಲಿ ಮದುವೆ ಇರುವುದಿಲ್ಲ. ಹೊರಗೆ ಜೋರು ಮಳೆ, ಕೆಲಸ ಕಡಿಮೆ. ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆವರೆಗೆ ಕೇಳುವುದಕ್ಕೆ ನನಗೆ ಸಿಗುವ ಸಮಯ ಅದೇ.

ಈ ಇಬ್ಬರು ಹೇಗೆ ಸೇರಿದರು ಅನ್ನುವುದು ಗೊತ್ತಿದ್ದರೆ ಕೇಳುವಾಗ ಖುಷಿ ಜಾಸ್ತಿ. ರುದ್ರೇಶ್ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಕನ್ನಡದ ಮನೆತನ ಅಂತ ಹೆಸರೇ ಹೇಳುತ್ತದೆ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಅವರ ಅಣ್ಣ ಸುಮ್ನೆ ತಮಾಷೆಗೆ ಅಂತ ಒಂದು ಆಲ್ಬಂ ತಂದುಕೊಟ್ಟರು. ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಅಂತ ಅದರ ಹೆಸರು, ನುಡಿಸಿದವರು ಕದ್ರಿ ಗೋಪಾಲನಾಥ್. ತನ್ನ ಕೈಯಲ್ಲಿರುವ ಅದೇ ವಾದ್ಯದಲ್ಲಿ ಹೀಗೂ ನುಡಿಸಬಹುದಾ ಅನ್ನುವುದು ಆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ 2007ರಲ್ಲಿ ಅಮೆರಿಕದ ಗುಗೆನ್‌ಹೈಮ್ ಫೆಲೋಶಿಪ್ ಅನ್ನುವ ಧನಸಹಾಯ ಸಿಕ್ಕಿತು. ಚೆನ್ನೈಗೆ ಬಂದು ಗೋಪಾಲನಾಥರ ಹತ್ತಿರ ಕೂತು ಕಲಿತರು.

ಗೋಪಾಲನಾಥರ ಕಥೆ ನಮ್ಮವರಿಗೆ ಹೆಚ್ಚುಕಡಿಮೆ ಗೊತ್ತು. ಬಂಟ್ವಾಳ ಕಡೆಯವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಹತ್ತಿರ, ಆಮೇಲೆ ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ ಪಾಠ. ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಸುಮಾರು 20 ವರ್ಷ ಹಿಡಿಯಿತು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ಜೊತೆಗೆ ನುಡಿಸಬಹುದಾ ಅಂತ ತಾವೇ ಕೇಳಿಕೊಂಡು ವೇದಿಕೆ ಹತ್ತಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ಕಛೇರಿ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲೇ ತೀರಿಕೊಂಡರು. ನಮ್ಮಲ್ಲಿ ಅವರ ಬಗ್ಗೆ ಮಾತಾಡುವವರು ತುಂಬಾ ಜನ. ಆದರೆ ಈ ಆಲ್ಬಂ ಕೇಳಿದವರು ಕಡಿಮೆ. ಅದು ನನಗೆ ನಿಜಕ್ಕೂ ಬೇಸರ.

ಆಲ್ಬಂ ಹಾಕಿದ ಕೂಡಲೇ ಒಂದು ವಿಷಯ ಗೊತ್ತಾಗುತ್ತದೆ. ಇಬ್ಬರಲ್ಲಿ ಯಾರೂ ಇನ್ನೊಬ್ಬರಂತೆ ನುಡಿಸಲು ಹೋಗಿಲ್ಲ. ಫ್ಯೂಷನ್ ಅನ್ನುವ ಹೆಸರಲ್ಲಿ ಬರುವ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ನಮ್ಮ ಕಡೆಯ ವಿದ್ವಾಂಸರು ಮೇಲೆ ಸ್ವಲ್ಪ ಆಲಾಪ ಮಾಡುತ್ತಾರೆ, ಕೆಳಗೆ ಕೀಬೋರ್ಡು, ಡ್ರಮ್ಮು ಅದರ ಪಾಡಿಗೆ ಹೋಗುತ್ತಿರುತ್ತದೆ. ಇಲ್ಲಿ ಹಾಗಿಲ್ಲ. ಗೋಪಾಲನಾಥರು ಕಛೇರಿಯಲ್ಲಿ ನುಡಿಸುವ ಹಾಗೇ ನುಡಿಸುತ್ತಾರೆ. ರಾಗ ಬಿಡುವುದಿಲ್ಲ, ಸ್ವರವನ್ನು ಅಲುಗಿಸುವ, ಜಾರಿಸುವ ಗಮಕ ಬಿಡುವುದಿಲ್ಲ. ಸುತ್ತ ಇರುವ ಜಾಝ್‌ನವರು ಅದಕ್ಕೆ ಜಾಗ ಮಾಡಿಕೊಟ್ಟಿದ್ದಾರೆ. ರುದ್ರೇಶ್ ತಮ್ಮ ಸರದಿ ಬಂದಾಗ ಅಪ್ಪಟ ನ್ಯೂಯಾರ್ಕಿನವರು. ಧ್ವನಿ ಚೂಪು, ವೇಗ ಭಯಂಕರ, ಒಂದು ಪದಗುಚ್ಛ ಮುಗಿಯುವ ಮೊದಲೇ ಇನ್ನೊಂದು ಶುರು.

ಒಂದು ಮದುವೆಯಲ್ಲಿ ಮುಹೂರ್ತ ಮುಗಿದು ಊಟದ ಹೊತ್ತು. ಸ್ಯಾಕ್ಸೋಫೋನ್ ನುಡಿಸಲು ಬಂದಿದ್ದ ಹಿರಿಯರೊಬ್ಬರಿಗೆ ನನ್ನ ಹೆಡ್‌ಫೋನ್ ಕೊಟ್ಟು ‘ಗಣೇಶ’ ಅನ್ನುವ ಟ್ರ್ಯಾಕ್ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಬೆರಳುಗಳು ಮಡಿಲಲ್ಲೇ ಕೀ ಒತ್ತುತ್ತಾ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಿವಿಯಿಂದ ತೆಗೆದು, "ಎಂತ ಸ್ಪೀಡ್ ಮಾರಾಯ್ರೆ ಈ ಜನದ್ದು!" ಅಂದರು. "ಇನ್ನೊಬ್ಬರು ಯಾರು ಗೊತ್ತಾಯ್ತಾ?" ಅಂತ ಕೇಳಿದೆ. "ಅದು ಕೇಳ್ಬೇಕಾ? ಗೋಪಾಲನಾಥರು. ಆ ಸ್ಪೀಡಿನ ಜನ ಬೆರಳಲ್ಲಿ ಸ್ವರ ಹಿಡಿತಾರೆ. ಇವರು ಬೆರಳಲ್ಲಿ ಹಿಡಿದ ಸ್ವರವನ್ನು ಮತ್ತೆ ತುಟಿಯಲ್ಲಿ ಎಳಿತಾರೆ. ಆ ಎಳೆಯುವುದು ಕಲಿಲಿಕ್ಕೇ ನಮ್ಮದು ಅರ್ಧ ಆಯುಷ್ಯ ಹೋಯ್ತು."

ಇದಕ್ಕಿಂತ ಚೆನ್ನಾಗಿ ಈ ಆಲ್ಬಮ್ಮಿನ ಬಗ್ಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಸ್ಯಾಕ್ಸೋಫೋನ್ ಮೂಲತಃ ಕೀ ಇರುವ ವಾದ್ಯ. ಒಂದು ಕೀಗೂ ಮುಂದಿನ ಕೀಗೂ ನಡುವೆ ಅರ್ಧ ಸ್ವರದ ಅಂತರ, ಹಾರ್ಮೋನಿಯಂ ಹಾಗೆ. ನಮ್ಮ ಗಮಕ ಬದುಕುವುದೇ ಆ ನಡುವಿನ ಜಾಗದಲ್ಲಿ. ನಾಗಸ್ವರದಲ್ಲಿ ತೂತನ್ನು ಅರ್ಧ ಮುಚ್ಚಿ, ಉಸಿರು ಹೆಚ್ಚು ಕಡಿಮೆ ಮಾಡಿ ಅಲ್ಲಿಗೆ ಹೋಗಬಹುದು. ಸ್ಯಾಕ್ಸೋಫೋನಿನಲ್ಲಿ ಆ ಕೆಲಸವನ್ನು ತುಟಿ, ಗಂಟಲು, ಉಸಿರು ಸೇರಿ ಮಾಡಬೇಕು. ಗೋಪಾಲನಾಥರು ಒಂದು ಗಾಂಧಾರವನ್ನು ಹಿಡಿದು ಅಲುಗಿಸುವಾಗ ಗಮನಿಸಿ. ಸ್ವರ ಮೇಲೆ ಹೋಗಿ ಬರುತ್ತದೆ, ಎಲ್ಲೂ ಮೆಟ್ಟಿಲು ಕೇಳುವುದಿಲ್ಲ. ಅದರ ಬೆನ್ನಿಗೆ ರುದ್ರೇಶ್ ಬಂದಾಗ ಪ್ರತಿ ಸ್ವರವೂ ಬೇರೆ ಬೇರೆಯಾಗಿ, ಅಂಚು ಚೂಪಾಗಿ ಕೇಳುತ್ತದೆ. ಒಂದೇ ವಾದ್ಯದ ಎರಡು ಸ್ವಭಾವ ಒಟ್ಟೊಟ್ಟಿಗೆ ಸಿಗುತ್ತದೆ. ಇಬ್ಬರೂ ಕೂಡಿ ಒಂದೇ ಸಾಲನ್ನು ನುಡಿಸುವ ಕಡೆಗಳಲ್ಲಂತೂ ನಾನು ಮತ್ತೆ ಮತ್ತೆ ಹಿಂದೆ ಹೋಗಿ ಕೇಳುತ್ತೇನೆ.

‘ಕಲ್ಯಾಣಿ’ ಅಂತಲೇ ಹೆಸರಿರುವ ಟ್ರ್ಯಾಕ್ ಒಂದಿದೆ. ಕರ್ನಾಟಕ ಸಂಗೀತ ಸ್ವಲ್ಪ ಕೇಳಿದವರಿಗೂ ಕಲ್ಯಾಣಿ ಗೊತ್ತಿರುತ್ತದೆ. ಜಾಝ್‌ನವರಿಗೂ ಆ ಏಳು ಸ್ವರ ಹೊಸದಲ್ಲ, ಅವರಲ್ಲಿ ಅದಕ್ಕೆ ಲಿಡಿಯನ್ ಅಂತ ಹೆಸರು. ಜಾರ್ಜ್ ರಸೆಲ್ ಅನ್ನುವ ಸಂಗೀತಗಾರ 1953ರಲ್ಲೇ ಲಿಡಿಯನ್ನನ್ನು ನಡುವಲ್ಲಿಟ್ಟು ಜಾಝ್‌ಗೆ ಒಂದು ಸಿದ್ಧಾಂತವನ್ನೇ ಬರೆದರು. ಅಂದರೆ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಬಂದು ಮುಟ್ಟಬಹುದಾದ ಸ್ವರಗಳು ಇವು. ಆದರೆ ರಾಗ ಅಂದರೆ ಬರೀ ಆರೋಹಣ ಅವರೋಹಣ ಅಲ್ಲ. ಎಲ್ಲಿ ನಿಲ್ಲಬೇಕು, ಯಾವುದನ್ನು ಅಲುಗಿಸಬೇಕು, ಯಾವುದನ್ನು ಮುಟ್ಟಿ ಬಿಡಬೇಕು ಅನ್ನುವುದೆಲ್ಲ ಸೇರಿ ಕಲ್ಯಾಣಿ. ಜಾಝ್ ಕೇಳಿ ಅಭ್ಯಾಸ ಇಲ್ಲದವರು ಈ ಟ್ರ್ಯಾಕ್‌ನಿಂದಲೇ ಶುರು ಮಾಡಿ. ಗೊತ್ತಿರುವ ರಾಗದ ಕೈ ಹಿಡಿದು ಗೊತ್ತಿಲ್ಲದ ಕಡೆಗೆ ಹೋಗಬಹುದು.

ಉಳಿದವರ ಬಗ್ಗೆಯೂ ಹೇಳಬೇಕು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ ಅಮ್ಮ. ಗೋಪಾಲನಾಥರ ಜೊತೆ ವರ್ಷಗಟ್ಟಲೆ ನುಡಿಸಿದವರು. ಅವರ ಮನಸ್ಸಿನಲ್ಲಿ ಮುಂದಿನ ಸಂಗತಿ ಯಾವುದು ಅಂತ ಇವರಿಗೆ ಮೊದಲೇ ಗೊತ್ತು ಅನ್ನಿಸುತ್ತದೆ. ಮೃದಂಗ ಪೂವಲೂರು ಶ್ರೀಜಿ. ಗಿಟಾರ್ ರೆಝ್ ಅಬ್ಬಾಸಿ, ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು. ಬಾಸ್ ಕಾರ್ಲೊ ಡಿ ರೋಸಾ, ಡ್ರಮ್ಸ್ ರಾಯಲ್ ಹಾರ್ಟಿಗನ್. ಟ್ರ್ಯಾಕ್‌ಗಳ ನಡುವೆ ಆಲಾಪ ಅಂತ ಹೆಸರಿಟ್ಟ ಚಿಕ್ಕ ಚಿಕ್ಕ ತುಣುಕುಗಳಿವೆ. ‘ರೆಝ್ ಆಲಾಪ್’ ಅಂಥದ್ದೊಂದು. ಅವನ್ನು ದಾಟಿಸಿ ಮುಂದೆ ಹೋಗಬೇಡಿ. ಮುಂದಿನ ಟ್ರ್ಯಾಕ್‌ಗೆ ಕಿವಿ ಹದ ಆಗುವುದು ಅಲ್ಲೇ.

ನನಗೆ ಹಿಡಿಸದ್ದೂ ಇದೆ. ಮೃದಂಗ ಮತ್ತು ಡ್ರಮ್ ಸೆಟ್ ಎರಡೂ ಒಟ್ಟಿಗೆ ಜೋರಾದಾಗ ನನ್ನ ಕಿವಿಗೆ ಮೃದಂಗದ ತೊಪ್ಪಿಯ, ಅಂದರೆ ಎಡಗೈ ಬದಿಯ, ಪೆಟ್ಟು ಕಳೆದುಹೋಗುತ್ತದೆ. ಕೆಳಗಿನ ಧ್ವನಿಯನ್ನೆಲ್ಲ ಬಾಸ್ ಮತ್ತು ಡ್ರಮ್ ತೆಗೆದುಕೊಂಡುಬಿಡುತ್ತವೆ. ಬಲಗೈಯ ಚಾಪು ಮಾತ್ರ ಮೇಲೆ ಕೇಳುತ್ತದೆ. ಮೃದಂಗದ ಲೆಕ್ಕಾಚಾರ ಹಿಡಿದು ಕೇಳುವವರಿಗೆ ಇದು ಕಿರಿಕಿರಿ. ಮತ್ತೆ, ಗಿಟಾರಿನ ಉದ್ದದ ಸರದಿಗಳಲ್ಲಿ ನನ್ನ ಗಮನ ಸ್ವಲ್ಪ ಸಡಿಲ ಆಗುತ್ತದೆ. ಅಬ್ಬಾಸಿ ಒಳ್ಳೆಯ ವಾದಕರೇ, ಆದರೆ ಎರಡು ಆಲ್ಟೊಗಳ ಮಾತುಕತೆ ಯಾವಾಗ ಮತ್ತೆ ಶುರುವಾಗುತ್ತದೆ ಅಂತ ಮನಸ್ಸು ಕಾಯುತ್ತಾ ಇರುತ್ತದೆ.

ಕೇಳುವ ರೀತಿಯ ಬಗ್ಗೆ ಒಂದು ಮಾತು. ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಎರಡೂ ಆಲ್ಟೊ, ಎರಡರ ಸ್ಥಾಯಿಯೂ ಒಂದೇ. ಸಣ್ಣ ಸ್ಪೀಕರ್‌ನಲ್ಲಿ ಎರಡೂ ಕಲಸಿಹೋಗಿ ಯಾರು ಯಾವುದು ಗೊತ್ತಾಗುವುದಿಲ್ಲ. ಬಾಸ್ ಅಂತೂ ಕೇಳುವುದೇ ಇಲ್ಲ. ದುಬಾರಿ ಹೆಡ್‌ಫೋನ್ ಬೇಕಾಗಿಲ್ಲ. ವೈರ್ ಇರುವ ಸಾಧಾರಣದ್ದೇ ಸಾಕು, ಮನೆಯಲ್ಲಿ ಹಳೇ ಸ್ಟೀರಿಯೊ ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು. ಕಾರಿನಲ್ಲಿ ಬೇಡ. ನಮ್ಮ ಹೈವೇ ಸದ್ದಿನಲ್ಲಿ ಗಮಕ ಉಳಿಯುವುದಿಲ್ಲ.

ಇದು ಹಿಡಿಸಿದರೆ ಮುಂದೆ ಏನು? ನಾನು ಹೇಳುವುದು ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ಮಾಡಿದ ರೆಕಾರ್ಡಿಂಗ್. ಅಮೆರಿಕದ ಚಾರ್ಲಿ ಮರಿಯಾನೊ ಮತ್ತು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಅವರ ಮೃದಂಗ, ಶಶಿಕುಮಾರ್ ಅವರ ಖಂಜಿರ, ರಾಜಗೋಪಾಲ್ ಅವರ ಘಟ ಮತ್ತು ಕೊನ್ನಕೋಲು (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು). ಡ್ರಮ್ ಸೆಟ್ ಇಲ್ಲ, ಗಿಟಾರ್ ಇಲ್ಲ. ‘ಕಿನ್ಸ್‌ಮೆನ್’ನಲ್ಲಿ ನನಗೆ ಸಿಗದ ಮೃದಂಗ ಇಲ್ಲಿ ಪೂರ್ತಿ ಸಿಗುತ್ತದೆ. ಮರಿಯಾನೊ ಅಂದರೆ ಹೆಸರಾಂತ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ 1963ರಲ್ಲೇ ಆಲ್ಟೊ ನುಡಿಸಿದವರು, ಆಮೇಲೆ ನಾಗಸ್ವರವನ್ನೂ ಕಲಿತವರು. ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಬಂದ ಗೋಪಾಲನಾಥರು, ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದ ಮರಿಯಾನೊ, ಈ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಕೇಳಿ ನೋಡಿ.

ಆಮೇಲೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ನ್ಯೂಯಾರ್ಕಿನಲ್ಲಿ ಮುಗಿದ ರೆಕಾರ್ಡಿಂಗ್. ಮೊದಲ ಟ್ರ್ಯಾಕ್ ‘ಸೋ ವಾಟ್’ ನಮ್ಮ ಕಿವಿಗೆ ಸುಲಭ. ಅದರ ಸ್ವರಗಳು ನಮ್ಮ ಖರಹರಪ್ರಿಯದವೇ. 32 ಬಾರ್‌ಗಳ ಒಂದು ಸುತ್ತು, ನಾಲ್ಕು ಎಣಿಕೆಗೆ ಒಂದು ಬಾರ್. ಮೊದಲ 16 ಒಂದು ಶ್ರುತಿಯಲ್ಲಿ, ಮುಂದಿನ 8 ಬಾರ್‌ಗೆ ಷಡ್ಜವೇ ಅರ್ಧ ಸ್ವರ ಮೇಲೆ, ಕೊನೆಯ 8ಕ್ಕೆ ಮತ್ತೆ ಕೆಳಗೆ. ಆ ಬದಲಾವಣೆ ಒಮ್ಮೆ ಹಿಡಿದರೆ ಇಡೀ ಟ್ರ್ಯಾಕ್ ತೆರೆದುಕೊಳ್ಳುತ್ತದೆ. ಅಲ್ಲಿಯ ಆಲ್ಟೊ ಕ್ಯಾನನ್‌ಬಾಲ್ ಆ್ಯಡರ್ಲಿ ಅವರದು. ರುದ್ರೇಶ್ ಕೇಳಿದ ಮೇಲೆ ಇವರನ್ನು ಕೇಳಿದರೆ ಎಷ್ಟು ನಗುಮುಖದ ಧ್ವನಿ ಅನ್ನಿಸುತ್ತದೆ. ಆಲ್ಟೊಗಿಂತ ಕೆಳಗಿನ ಧ್ವನಿಯ ಟೆನರ್ ಸ್ಯಾಕ್ಸೋಫೋನ್ ಜಾನ್ ಕಾಲ್ಟ್ರೇನ್.

ಕಾಲ್ಟ್ರೇನ್ ಹೆಸರು ಬಂದ ಮೇಲೆ ‘ಎ ಲವ್ ಸುಪ್ರೀಂ’ ಬಿಡುವ ಹಾಗಿಲ್ಲ. 1964ರ ಡಿಸೆಂಬರ್‌ನಲ್ಲಿ ಮಾಡಿದ್ದು, ನಾಲ್ಕು ಭಾಗ, ಇಡೀ ಆಲ್ಬಮ್ಮೇ ದೇವರಿಗೆ ಅರ್ಪಣೆ. ಕೊನೆಯ ಭಾಗದಲ್ಲಿ ಅವರು ತಾವೇ ಬರೆದ ಪ್ರಾರ್ಥನೆಯ ಸಾಲುಗಳನ್ನು ಸ್ಯಾಕ್ಸೋಫೋನಿನಲ್ಲಿ ಅಕ್ಷರ ಅಕ್ಷರವಾಗಿ ನುಡಿಸಿದ್ದಾರೆ. ಕೃತಿ ನುಡಿಸುವಾಗ ಸಾಹಿತ್ಯ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಊದುವವರನ್ನು ದಿನಾ ಕೇಳುವ ನಮಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ. ಆ ಪ್ರಾರ್ಥನೆ ಆಲ್ಬಮ್ಮಿನ ಹೊದಿಕೆಯಲ್ಲೇ ಅಚ್ಚಾಗಿದೆ. ಅದನ್ನು ಹುಡುಕಿ ಎದುರಿಗಿಟ್ಟುಕೊಂಡು ಕೇಳಿ. ಯಾವ ಸಾಲು ಎಲ್ಲಿ ಬರುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಬಹುದು.