ಹಳೇ ಪಿಸಿಗೆ ಯಾವ ಗ್ರಾಫಿಕ್ಸ್ ಕಾರ್ಡ್? ಜಿಟಿಎಕ್ಸ್ 1650, ಆರ್‌ಎಕ್ಸ್ 6400, ಆರ್‌ಎಕ್ಸ್ 6600

ಮೊದಲು ಕ್ಯಾಬಿನೆಟ್ ಬಿಚ್ಚಿ ಪವರ್ ಸಪ್ಲೈ ನೋಡಿ. ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುವ ಹಳೇ ಆಫೀಸ್ ಪಿಸಿಗಳಲ್ಲಿ ಕಾರ್ಡಿಗೆ ಕೊಡಲು ಬೇರೆ ಪವರ್ ವೈರ್ ಸಾಮಾನ್ಯವಾಗಿ ಇರುವುದೇ ಇಲ್ಲ, ಬೋರ್ಡ್‌ನಲ್ಲಿ ಕಾರ್ಡ್ ಸಿಕ್ಕಿಸುವ ಸ್ಲಾಟ್‌ನಿಂದ ಸಿಗುವ 75 ವ್ಯಾಟ್‌ನಲ್ಲೇ ಎಲ್ಲ ನಡೆಯಬೇಕು. ಅಂಥ ಕಡೆ 1650 ಸಲೀಸು. ಕೆಲವು ಮಾಡೆಲ್‌ಗಳಿಗೆ ಮಾತ್ರ 6 ಪಿನ್ ವೈರ್ ಬೇಕು, ಅಂಗಡಿಯಲ್ಲೇ ತಿರುಗಿಸಿ ನೋಡಿಕೊಳ್ಳಿ.

6400ಕ್ಕೆ ಇನ್ನೂ ಕಡಿಮೆ, 53 ವ್ಯಾಟ್ ಸಾಕು. ಆದರೆ ಒಂದು ಎಡವಟ್ಟಿದೆ: ಇದು ಬಳಸುವುದು ಸ್ಲಾಟ್‌ನ ನಾಲ್ಕೇ ಲೇನ್ (ಡೇಟಾ ಓಡಾಡುವ ದಾರಿ), ಹಾಗಾಗಿ ಸ್ಲಾಟ್ ನಿಧಾನವಿರುವ ಹಳೇ ಪಿಸಿಐಇ 3.0 ಬೋರ್ಡ್‌ನಲ್ಲಿ, ಅದರಲ್ಲೂ ಅದರ 4 ಜಿಬಿ ಮೆಮೊರಿ ತುಂಬಿದ ಮೇಲೆ, ಆಟ ತಡವರಿಸುತ್ತದೆ. ರೆಕಾರ್ಡಿಂಗ್ ಕೆಲಸವನ್ನು ಕಾರ್ಡೇ ಮಾಡಿಕೊಳ್ಳಲು ಬೇಕಾದ ವಿಡಿಯೊ ಎನ್‌ಕೋಡರ್ ಕೂಡ ಇಲ್ಲ. ಆಡುತ್ತಾ ರೆಕಾರ್ಡ್ ಮಾಡುವವರು ಇದರ ತಂಟೆಗೇ ಹೋಗಬೇಡಿ.

6600 ಬೇರೆ ಲೆವೆಲ್ಲು. 8 ಜಿಬಿ, 1080ಪಿಯಲ್ಲಿ ಆರಾಮ. ಆದರೆ 132 ವ್ಯಾಟ್, 8 ಪಿನ್, ಅಂದರೆ ಹೊಸ ಪವರ್ ಸಪ್ಲೈ ಖರ್ಚೂ ಸೇರಿತು ಅಲ್ವಾ? ನಾಲ್ಕು ಕೋರಿನ ಹಳೇ ಐ5 ಬೇರೆ ಇದರ ಕೈ ಕಟ್ಟಿಹಾಕುತ್ತದೆ. ಮುಂದೆ ಬೋರ್ಡ್, ಪ್ರೊಸೆಸರ್ ಬದಲಿಸುವ ಯೋಚನೆ ಇದ್ದರೆ ಮಾತ್ರ ಇದನ್ನು ತನ್ನಿ. ನಾನಾಗಿದ್ದರೆ ಸುಮ್ನೆ ಸೆಕೆಂಡ್ ಹ್ಯಾಂಡ್ 1650 ಹಾಕಿ, ಉಳಿದ ದುಡ್ಡಿಗೆ ಎಸ್‌ಎಸ್‌ಡಿ ತರುತ್ತಿದ್ದೆ.